ರೈಲ್ವೆ ಯಾರ್ಡಿನ ಗುಮಾಸ್ತ ರೆಕ್ಸ್ ಇಂಗ್ರಾಮ್

ಮೈಸೂರು

ಚಿರಂಜೀವಿ ಪುಟ್ಟನಿಗೆ ಮಾವನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಕಾಗದ ಓದಿದೆ. ಸಿನಿಮಾ ಕಲಿಯೋಕೆ ಅಂತ ಟೊರೊಂಟೊಗೆ ಹೋದವನು ಗೋಡೌನಿನಲ್ಲಿ ಲೆಕ್ಕ ಬರೆಯುತ್ತಾ ಕೂತಿದ್ದೀನಿ, ವಯಸ್ಸು ಸುಮ್ನೆ ಹೋಗ್ತಿದೆ ಅಂತ ಬರೆದಿದ್ದೀಯ. ಚಿತ್ರ ಬಿಡಿಸುವುದನ್ನೂ ಬಿಟ್ಟೆ ಅಂದಿದ್ದೀಯ. ಆ ಎರಡನೇ ಮಾತೇ ನನಗೆ ಜಾಸ್ತಿ ನೋವಾಯಿತು. ಅದಕ್ಕೇ ಈ ಕಾಗದ.

ರೆಕ್ಸ್ ಇಂಗ್ರಾಮ್ ಹೆಸರು ನೀನು ಕೇಳಿರಲಿಕ್ಕಿಲ್ಲ. ಮೂಕಿ ಚಿತ್ರಗಳ ಕಾಲದ ದೊಡ್ಡ ನಿರ್ದೇಶಕ. ಹುಟ್ಟಿದ್ದು ಡಬ್ಲಿನ್‌ನಲ್ಲಿ. ಅಪ್ಪ ಪ್ರಾಟೆಸ್ಟೆಂಟ್ ಪಾದ್ರಿ. ಅಮ್ಮ 1908ರಲ್ಲಿ ತೀರಿಹೋದರು. 1911ರಲ್ಲಿ, ಇನ್ನೂ ಇಪ್ಪತ್ತರ ಒಳಗಿನ ಹುಡುಗ, ಒಬ್ಬನೇ ಅಮೆರಿಕಕ್ಕೆ ಹಡಗು ಹತ್ತಿದ. ಅಲ್ಲಿ ಸಿಕ್ಕ ಕೆಲಸ ಏನು ಗೊತ್ತಾ? ನ್ಯೂ ಹೇವನ್ ಊರಿನ ರೈಲ್ವೆ ಯಾರ್ಡಿನಲ್ಲಿ ಗುಮಾಸ್ತಗಿರಿ. ನಿನ್ನ ಗೋಡೌನಿನ ಲೆಕ್ಕಕ್ಕೂ ಅದಕ್ಕೂ ಏನು ದೊಡ್ಡ ವ್ಯತ್ಯಾಸ?

ಆದರೆ ಅವನ ಕೈ ಸುಮ್ಮನಿರಲಿಲ್ಲ. ಅದೇ ಊರಿನ ಯೇಲ್ ವಿಶ್ವವಿದ್ಯಾಲಯದಲ್ಲಿ ಲೀ ಲಾರಿ ಎಂಬ ಶಿಲ್ಪಿಯ ಹತ್ತಿರ ಮೂರ್ತಿ ಮಾಡುವುದನ್ನು ಕಲಿತ. 1913ರಲ್ಲಿ ಸಿನಿಮಾ ತಯಾರಿಸುತ್ತಿದ್ದ ಎಡಿಸನ್ ಕಂಪನಿ ಸೇರಿದ. ಅಲ್ಲಿಂದ ಮುಂದೆ ನಟನೆ, ಕತೆ ಬರೆಯುವುದು, ಯಾವುದು ಸಿಕ್ಕಿದರೆ ಅದು. 1916ರಲ್ಲಿ ನಿರ್ದೇಶಕನಾದ. ಹೆಸರು ಬಂದದ್ದು ಮಾತ್ರ 1921ರಲ್ಲಿ. ಹಡಗು ಹತ್ತಿದ ಹತ್ತು ವರ್ಷಕ್ಕೆ. ನೀನು ಹೋಗಿ ಇನ್ನೂ ಎಷ್ಟು ದಿನವಾಯಿತು ಹೇಳು.

ಆ 1921ರ ಚಿತ್ರ 'ದಿ ಫೋರ್ ಹಾರ್ಸ್‌ಮೆನ್ ಆಫ್ ದಿ ಅಪೊಕ್ಯಾಲಿಪ್ಸ್'. ಜೂನ್ ಮ್ಯಾಥಿಸ್ ಎಂಬ ಹೆಣ್ಣುಮಗಳು ಅದರ ಚಿತ್ರಕತೆ ಬರೆದಳು. ಇಂಗ್ರಾಮನೇ ನಿರ್ದೇಶಿಸಬೇಕು, ಇಟಲಿಯಿಂದ ಬಂದ ವ್ಯಾಲೆಂಟಿನೋ ಎಂಬ ಹುಡುಗನೇ ನಟಿಸಬೇಕು ಅಂತ ಪಟ್ಟು ಹಿಡಿದವಳೂ ಅವಳೇ. ಆ ಹುಡುಗನನ್ನು ಆಗ ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಅದರಲ್ಲಿ ಒಂದು ಟ್ಯಾಂಗೋ ಕುಣಿತವಿದೆ. ಜನ ವ್ಯಾಲೆಂಟಿನೋನ ಕಾಲು ನೋಡುತ್ತಾರೆ. ನೀನು ಅವನ ಸುತ್ತ ಕೂತವರ ಮುಖ ನೋಡು. ಮೂಲೆಯಲ್ಲಿ ಕುಡಿಯುತ್ತಾ ಕೂತವನ ಮುಖವನ್ನೂ ಇಂಗ್ರಾಮ್ ಆರಿಸಿ ತಂದು ಕೂರಿಸಿದ್ದಾನೆ. ಬೆಳಕು ಒಂದು ಕಡೆಯಿಂದ ಬಿದ್ದು ಕೆನ್ನೆ, ಮೂಗು, ಹಣೆ ಎಲ್ಲ ಕಡೆದಿಟ್ಟ ಹಾಗೆ ಎದ್ದು ಕಾಣುತ್ತವೆ. ಕ್ಯಾಮೆರಾ ಹಿಡಿದವನು ಜಾನ್ ಸೈಟ್ಜ್, ಅವನೂ ದೊಡ್ಡ ಕಲಾವಿದ. ಆದರೆ ಬೆಳಕಿಗೆ ಮುಖ ಹೇಗೆ ತಿರುಗಬೇಕು ಅನ್ನುವುದು ಇಂಗ್ರಾಮನಿಗೆ ಮಣ್ಣು ಮೆತ್ತಿದ ಕೈಯಿಂದ ಬಂದದ್ದು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಬರೀ ಸಿನಿಮಾ ನೋಡಿ ಸಿನಿಮಾ ಕಲಿತಿದ್ದರೆ ಅದು ಬರುತ್ತಿರಲಿಲ್ಲ. ನೀನು ದೇವರಾಜ ಮಾರ್ಕೆಟ್ಟಿನಲ್ಲಿ ಕೂತು ಹೂವಿನವರ, ಹಣ್ಣಿನವರ ಮುಖ ಬಿಡಿಸುತ್ತಿದ್ದೆಯಲ್ಲ, ಅದು ನಿನ್ನ ಬಂಡವಾಳ ಕಣೋ. ಅದನ್ನು ಬಿಡಬೇಡ.

ಇನ್ನೊಂದು ಗುಣ ಹೇಳಬೇಕು. ಎರಿಕ್ ವಾನ್ ಸ್ಟ್ರೋಹೈಮ್ ಎಂಬ ನಿರ್ದೇಶಕ 'ಗ್ರೀಡ್' ಅಂತ ಬಹಳ ಉದ್ದದ ಚಿತ್ರ ಮಾಡಿದ್ದ. ಕಂಪನಿಯವರು ಕತ್ತರಿಸು ಅಂತ ಕೂತರು. ಅವನು ನಂಬಿ ರೀಲುಗಳನ್ನು ಕಳಿಸಿದ್ದು ಇಂಗ್ರಾಮನಿಗೆ. ಇಂಗ್ರಾಮ್ ತನ್ನ ಸಂಕಲನಕಾರ ಗ್ರ್ಯಾಂಟ್ ವೈಟಾಕ್‌ನ ಜೊತೆ ಸೇರಿ ಜೀವ ಹೋಗದ ಹಾಗೆ ಅದನ್ನು 18 ರೀಲಿಗೆ ಇಳಿಸಿದ. ಕೊನೆಗೆ ಕಂಪನಿ ಅದನ್ನೂ ಒಪ್ಪದೆ ಇನ್ನೂ ಕತ್ತರಿಸಿತು, ಅದು ಬೇರೆ ಮಾತು. ತನ್ನ ಚಿತ್ರವಲ್ಲದ ಚಿತ್ರಕ್ಕೆ ಇಷ್ಟು ದುಡಿದನಲ್ಲ, ಸಿನಿಮಾ ಮೇಲಿನ ಪ್ರೀತಿ ಅಂದರೆ ನನಗೆ ಅದು. ನಿನ್ನ ಗೆಳೆಯರು ಕಿರುಚಿತ್ರ ಮಾಡಿದಾಗ ಲೈಟ್ ಹಿಡಿಯೋಕೆ ಕರೆದರೆ ಹೋಗು. ನನ್ನದಲ್ಲ ಅಂತ ಮನೆಯಲ್ಲಿ ಕೂರಬೇಡ.

ಆಮೇಲೆ ಅವನಿಗೆ ಹಾಲಿವುಡ್ ಸಾಕಾಯಿತು. ಅವನ ಚಿತ್ರಗಳನ್ನು ಹೊರತರುತ್ತಿದ್ದ 'ಮೆಟ್ರೋ ಗೋಲ್ಡ್ವಿನ್ ಮೇಯರ್' ಕಂಪನಿಯ ಯಜಮಾನರಲ್ಲಿ ಒಬ್ಬನಾದ ಲೂಯಿ ಬಿ. ಮೇಯರ್ ಅಂದರೆ ಅವನಿಗೆ ಆಗುತ್ತಿರಲಿಲ್ಲ. ತನ್ನ ಚಿತ್ರಗಳ ಮೇಲೆ ಮೇಯರ್ ಹೆಸರು ಬರದ ಹಾಗೆ 'ಮೆಟ್ರೋ ಗೋಲ್ಡ್ವಿನ್' ಅಂತಷ್ಟೇ ಹಾಕಿಸಿದ. ಇದನ್ನು ಓದಿ ನಿನ್ನ ಸೂಪರ್‌ವೈಸರ್ ಜೊತೆ ಜಗಳಕ್ಕೆ ನಿಲ್ಲಬೇಡ ಮತ್ತೆ! ಇಂಗ್ರಾಮನ ಹಿಂದೆ ಗೆದ್ದ ಚಿತ್ರಗಳಿದ್ದವು. ಹೆಂಡತಿ ಆಲಿಸ್ ಟೆರಿ ಜೊತೆ ಫ್ರಾನ್ಸಿನ ನೀಸ್‌ಗೆ ಹೋಗಿ, ಅಲ್ಲಿನ ವಿಕ್ಟೋರಿನ್ ಸ್ಟುಡಿಯೋದಲ್ಲಿ ತನಗೆ ಬೇಕಾದ ಹಾಗೆ ಕೆಲಸ ಮಾಡಿದ.

1925ರಲ್ಲಿ ಆ ಸ್ಟುಡಿಯೋಗೆ ಒಬ್ಬ ಇಂಗ್ಲಿಷ್ ಹುಡುಗ ಬಂದ. ಅವನೂ ಗುಮಾಸ್ತನೇ, ಬ್ಯಾಂಕಿನಲ್ಲಿ. ನೆಲ ಗುಡಿಸುವುದರಿಂದ ಶುರುಮಾಡಿದ. ಅವನೇ ಮೈಕೇಲ್ ಪೊವೆಲ್. ಮುಂದೆ ಬ್ರಿಟನ್ನಿನ ದೊಡ್ಡ ನಿರ್ದೇಶಕರಲ್ಲಿ ಒಬ್ಬನಾದ. 1940ರಲ್ಲಿ 'ದಿ ಥೀಫ್ ಆಫ್ ಬಾಗ್ದಾದ್' ಬಂತಲ್ಲ, ಅದರ ನಿರ್ದೇಶಕರಲ್ಲಿ ಪೊವೆಲ್ ಒಬ್ಬ. ಅದರ ಕಳ್ಳ ಹುಡುಗ ಯಾರು? ನಮ್ಮ ಸಾಬು! ಕಾರಾಪುರದ ಮಾವುತನ ಮಗ. ಐರ್ಲೆಂಡಿನ ಗುಮಾಸ್ತನ ಹತ್ತಿರ ಕಲಿತ ಇಂಗ್ಲಿಷ್ ಗುಮಾಸ್ತ, ಮೈಸೂರು ಸೀಮೆಯ ಹುಡುಗನಿಗೆ ಆ್ಯಕ್ಷನ್ ಹೇಳಿದ. ಇದು ನೆನಪಾದಾಗಲೆಲ್ಲ ನನಗೆ ಖುಷಿಯಾಗುತ್ತದೆ. (ಅದೇ ಚಿತ್ರದಲ್ಲಿ ಜೀನಿಯ ಪಾತ್ರ ಮಾಡಿದ ಕಪ್ಪು ಜನಾಂಗದ ನಟನ ಹೆಸರೂ ರೆಕ್ಸ್ ಇಂಗ್ರಾಮ್. ಅವನು ಬೇರೆ. ಹುಡುಕುವಾಗ ಇಬ್ಬರನ್ನೂ ಬೆರೆಸಬೇಡ.)

ಮಾತಿನ ಚಿತ್ರಗಳು ಬಂದಮೇಲೆ ಇಂಗ್ರಾಮ್ ಮಾಡಿದ್ದು ಒಂದೇ, 'ಬರೂದ್', ಮೊರಾಕೊದ ಕತೆ. ಆಮೇಲೆ ಸಿನಿಮಾ ನಿಲ್ಲಿಸಿದ. ಮತ್ತೆ ಮೂರ್ತಿ ಮಾಡಿದ, ಕಾದಂಬರಿ ಬರೆದ. 1950ರಲ್ಲಿ ತೀರಿಕೊಂಡ. ಅವನು ಸೋತ ಅಂತ ಬರೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸಿನಿಮಾ ನಿಂತ ಮೇಲೂ ಕೈಗೆ ಕೆಲಸವಿತ್ತು. ಅಂಥವನನ್ನು ಸೋತವನು ಅನ್ನೋದು ಹೇಗೆ?

ಈಗ ನಿನ್ನ ವಿಷಯ. ಗೋಡೌನಿನ ಕೆಲಸ ಸದ್ಯಕ್ಕೆ ಬಿಡಬೇಡ, ಬಾಡಿಗೆ ಅದರಿಂದಲೇ ತಾನೆ ಹೋಗಬೇಕು. ಅಲ್ಲಿ ನಿನ್ನ ಜೊತೆ ಬೇರೆ ಬೇರೆ ದೇಶದವರು ಇದ್ದಾರೆ ಅಂತ ಬರೆದಿದ್ದೆ. ಊಟದ ಹೊತ್ತಿನಲ್ಲಿ, ಅವರನ್ನು ಕೇಳಿಕೊಂಡು, ಒಬ್ಬೊಬ್ಬರ ಮುಖ ಬಿಡಿಸು. ಫಿಲ್ಮ್ ಸ್ಕೂಲಿಗೆ ಅರ್ಜಿ ಹಾಕುವಾಗ ಆ ಚಿತ್ರಗಳನ್ನೂ ಜೊತೆಗೆ ಇಡು. ಒಂದು ಹಾಳೆ ಫೋಟೋ ತೆಗೆದು ನನಗೂ ಕಳಿಸು, ಅತ್ತೆಗೂ ತೋರಿಸುತ್ತೇನೆ. ಒಳ್ಳೆ ಪೆನ್ಸಿಲ್ಲು, ಹಾಳೆ ಬೇಕಾದರೆ ಹೇಳು, ದುಡ್ಡು ಹಾಕುತ್ತೇನೆ.

ಇಂತಿ ನಿನ್ನ
ಮಾವ