ಶಾಂಪೇನ್: ಸನ್ಯಾಸಿಯೊಬ್ಬನದೇ ಕಥೆಯಲ್ಲ

ಮಾನ್ಯ ಸಂಪಾದಕರೇ,

ಫ್ರಾನ್ಸಿನ ನೊರೆಯುಕ್ಕುವ ವೈನಾದ ಶಾಂಪೇನ್ ಬಗ್ಗೆ ಬರೆಯುವವರಲ್ಲಿ ಹೆಚ್ಚಿನವರು ಅದನ್ನು ಕಂಡುಹಿಡಿದವನು ದೋಂ ಪೆರಿನ್ಯೋನ್ ಎಂಬ ಸನ್ಯಾಸಿ ಎಂದೇ ಹೇಳುತ್ತಾರೆ, ಇದು ಸರಿಯಲ್ಲ. ಓವಿಲೆ ಮಠದ ಉಗ್ರಾಣ ನೋಡಿಕೊಳ್ಳುತ್ತಿದ್ದ ಆತ ಬೇರೆ ಬೇರೆ ತೋಟಗಳ ದ್ರಾಕ್ಷಿಯನ್ನು ಹದವರಿತು ಬೆರೆಸುವುದರಲ್ಲಿ ನಿಪುಣನಾಗಿದ್ದದ್ದು ನಿಜ. ಆದರೆ ಆತ ಆ ಮಠಕ್ಕೆ ಬಂದದ್ದು 1668ರಲ್ಲಿ. ವೈನಿಗೆ ಸಕ್ಕರೆ ಬೆರೆಸಿ ನೊರೆಯುಕ್ಕಿಸುವ ರೂಢಿಯನ್ನು ಇಂಗ್ಲೆಂಡಿನ ವೈದ್ಯ ಕ್ರಿಸ್ಟೋಫರ್ ಮೆರೆಟ್ 1662ರಲ್ಲೇ ಬರೆದಿಟ್ಟಿದ್ದ. ಫ್ರೆಂಚರಿಗೆ ಇದು ಹಿಡಿಸದ ಮಾತು, ಬಿಡಿ.

ನನಗಂತೂ ಆ ಪಾನೀಯದ ವೈಭವಕ್ಕಿಂತ ಅದರ ಹಿಂದಿನ ತಾಳ್ಮೆಯೇ ದೊಡ್ಡದೆನಿಸುತ್ತದೆ. ಬಾಟಲಿಯೊಳಗೇ ಎರಡನೆಯ ಬಾರಿ ಹುದುಗುವ ವೈನು ನೆಲಮಾಳಿಗೆಯ ತಂಪಿನಲ್ಲಿ ಕನಿಷ್ಠ 15 ತಿಂಗಳು ಮಾಗಬೇಕು. ಬಳಿಕ ಬಾಟಲಿಯನ್ನು ದಿನದಿನವೂ ಒಂದಿಷ್ಟು ತಿರುಗಿಸುತ್ತ, ತಲೆಕೆಳಗಾಗುವಂತೆ ವಾಲಿಸುತ್ತ ಹೋಗಿ, ಗಸಿಯೆಲ್ಲ ಕತ್ತಿನಲ್ಲಿ ಸೇರಿದ ಮೇಲೆ ಅದನ್ನು ಅಲ್ಲಿಯೇ ಹೆಪ್ಪುಗಟ್ಟಿಸಿ ಹೊರಚಿಮ್ಮಿಸುತ್ತಾರೆ. ಹೀಗೆ ತಿರುಗಿಸುವ ಉಪಾಯ 19ನೇ ಶತಮಾನದ ಆರಂಭದಲ್ಲಿ ರೂಪುಗೊಂಡದ್ದು, 27ರ ಹರೆಯದಲ್ಲೇ ವಿಧವೆಯಾಗಿ ಗಂಡನ ವೈನ್ ವ್ಯಾಪಾರದ ಹೊಣೆ ಹೊತ್ತ ಮದಾಂ ಕ್ಲಿಕೊ ಅವರ ನೆಲಮಾಳಿಗೆಯಲ್ಲಿ.

ಈ ವೈನು ತಯಾರಾಗುವ ಶಾಂಪೇನ್ ಪ್ರದೇಶದ ಇಳಿಜಾರು ತೋಟಗಳನ್ನೂ ನೆಲಮಾಳಿಗೆಗಳನ್ನೂ ಯುನೆಸ್ಕೊ 2015ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಮುಂದೆ ಈ ಕುರಿತು ಲೇಖನ ಪ್ರಕಟಿಸುವಾಗ ಮದಾಂ ಕ್ಲಿಕೊ ಎಂಬ ಆ ಹೆಣ್ಣುಮಗಳ ಹೆಸರೂ ಇರಲಿ ಎಂದು ವಿನಂತಿಸುತ್ತೇನೆ.

ಇತಿ,
ಒಬ್ಬ ಓದುಗ