ನಾರ್ಮಲ್ ಅಂತ ಬರೆದ ಮೇಲೆ

ರಾಯಚೂರು

ಚಿ. ಸುಧಾಗೆ ಕಾಕಾನ ಆಶೀರ್ವಾದ.

"ನಾನು ನಾರ್ಮಲ್ ಅಂತ ಬರೆದು ಕಳಿಸಿದವರಲ್ಲಿ ಯಾರು ವಾಪಸ್ ಬರ್ತಾರೋ ಕಾಕಾ" ಅಂತ ಬರೆದಿದ್ದೀಯಲ್ಲ, ದೊಡ್ಡ ಕರುಳಿಗೆ ಕ್ಯಾಮೆರಾ ನಳಿಕೆ ಬಿಟ್ಟು ನೋಡುವ ನಿನ್ನ ಕೊಲೊನೊಸ್ಕೋಪಿ ರಿಪೋರ್ಟುಗಳ ಬಗ್ಗೆ, ಆ ಒಂದು ಸಾಲು ಎರಡು ರಾತ್ರಿ ನಿದ್ದೆ ಕೆಡಿಸಿತು.

ನಿನ್ನ ಎಡಿಆರ್, ಅಂದರೆ ನೂರು ಜನರನ್ನು ನೋಡಿದರೆ ಎಷ್ಟು ಜನರಲ್ಲಿ ಅಡಿನೋಮ (ಮುಂದೆ ಕ್ಯಾನ್ಸರ್ ಆಗಬಹುದಾದ ಗಂಟು) ಸಿಗುತ್ತೆ ಅನ್ನೋ ಲೆಕ್ಕ, 20 ಬಂತು, ಜೊತೆಯ ಡಾಕ್ಟರನದು 34. ಅರವತ್ತು ಜನರಲ್ಲಿ ಹನ್ನೆರಡು ಜನರಿಗೆ ಅಡಿನೋಮ ಸಿಕ್ಕಿದೆ, ಅಷ್ಟೇ ತಾನೇ? ಇನ್ನು ನಾಲ್ಕು ಜನರಲ್ಲಿ ಸಿಕ್ಕಿದ್ದರೆ 26 ದಾಟುತ್ತಿತ್ತು. ಅಮೆರಿಕದವರು 2024ರಲ್ಲಿ 35 ಇರಬೇಕು ಅಂದದ್ದು 45 ದಾಟಿದವರ ಲೆಕ್ಕಕ್ಕೆ. ನೀನು ಕಿರಿಯರನ್ನೂ ಸೇರಿಸಿ ಎಣಿಸಿದ್ದೀಯ.

ಇಷ್ಟು ಬರೆದು ಪೆನ್ನು ಇಟ್ಟೆ. ಸುಮ್ನೆ ಸಮಾಧಾನ ಹೇಳಿದಂತಾಯಿತು. ನಿನ್ನ ಹೆದರಿಕೆ ಸುಳ್ಳಲ್ಲ. 2014ರಲ್ಲಿ 3 ಲಕ್ಷಕ್ಕೂ ಜಾಸ್ತಿ ಕೊಲೊನೊಸ್ಕೋಪಿಗಳ ಲೆಕ್ಕ ಬಂತಲ್ಲ, ಡಾಕ್ಟರರ ಎಡಿಆರ್ ಒಂದು ಪರ್ಸೆಂಟ್ ಏರಿದರೆ ರೋಗಿಗೆ ಆಮೇಲೆ ಕ್ಯಾನ್ಸರ್ ಬರುವ ಅಪಾಯ ಮೂರು ಪರ್ಸೆಂಟ್ ಕಡಿಮೆ ಅಂತ. ಓದಿದ ದಿನ ನನಗೆ ಊಟ ಸೇರಲಿಲ್ಲ.

ನಮ್ಮ ಕಾಲದಲ್ಲಿ ಯಾರು ಎಣಿಸುತ್ತಿದ್ದರು? ದೊಡ್ಡ ಕರುಳಿನ ಬಲತುದಿ, ಸೀಕಮ್, ಮುಟ್ಟಿದರೆ ಶಾಭಾಸ್. ಒಂದು ಮೇ ಮಧ್ಯಾಹ್ನ ಸಿಂಧನೂರು ಕಡೆಯ ರೈತ ಬಂದ. ಕರುಳು ತೊಳೆಯುವ ಔಷಧಿ ನೀರು, ಪೆಗ್, ಅರ್ಧವೇ ಕುಡಿದಿದ್ದ. ಬಲಗಡೆ ಕರುಳಲ್ಲಿ ಗಂಜಿಯಂಥ ನೀರು ನಿಂತಿತ್ತು. ಹೊರಗೆ ಐದು ಜನ ಕಾಯುತ್ತಿದ್ದರು. ತೊಳೆಯಲಿಲ್ಲ. ಮೂರು ನಿಮಿಷದಲ್ಲಿ ಸ್ಕೋಪ್ ಹೊರಗೆ. ನಾರ್ಮಲ್ ಅಂತ ಬರೆದೆ. ಖುಷಿಯಾಗಿ ಒಂದು ಚೀಲ ಸೋನಾ ಮಸೂರಿ ತಂದುಕೊಟ್ಟ.

ಎರಡು ವರ್ಷಕ್ಕೆ ಬಿಳಿಚಿಕೊಂಡು ವಾಪಸ್ ಬಂದ. ಗಡ್ಡೆ ಸೀಕಮ್‌ನಲ್ಲೇ ಇತ್ತು. ಅವನ ಚೀಲಕ್ಕೆ ನಿನ್ನ ಕಾಕು ಆಗ ಜೋಳ ತುಂಬಿಟ್ಟಿದ್ದಳು.

ನಿನಗೆ ಬುದ್ಧಿ ಹೇಳುವ ಯೋಗ್ಯತೆ ನನಗೆಲ್ಲಿದೆ? ಆದರೂ, ಪೆಗ್ ಅರ್ಧ ಪಾಲು ಹಿಂದಿನ ರಾತ್ರಿ, ಅರ್ಧ ಪಾಲು ಬೆಳಗ್ಗೆ ಕುಡಿಸು. ಬಲಗಡೆ ಎರಡು ಸಲ ನೋಡು, ಮಡಿಕೆಗಳ ಹಿಂದೆ ಇಣುಕು. ಸ್ಕೋಪ್ ವಾಪಸ್ ಎಳೆಯುವಾಗ ಎಂಟು ನಿಮಿಷ ಅಂತಾರೆ ಈಗ. ಗಡಿಯಾರ ನೋಡಿಕೊಂಡು ಸುಮ್ನೆ ನಿಂತರೂ ಎಂಟು ನಿಮಿಷ ಆಗುತ್ತೆ, ಅದು ಬೇರೆ ಮಾತು. ಎಡಿಆರ್‌ಗೆ ಒಬ್ಬರಲ್ಲಿ ಒಂದು ಸಿಕ್ಕರೆ ಸಾಕು, ಎರಡನೆಯದಕ್ಕೆ ಮಾರ್ಕಿಲ್ಲ. ನೀನು ಮಾತ್ರ ಎರಡನೆಯದನ್ನೂ ಹುಡುಕು ಅವ್ವಾ. ಕರುಳು ಕ್ಲೀನ್ ಇಲ್ಲದಿದ್ದರೆ ಹಾಗಂತ ಬರೆದು ಮತ್ತೆ ಕರೆಸು, ಬೈಸಿಕೊಂಡರೂ ಪರವಾಗಿಲ್ಲ.

ಯಾರು ವಾಪಸ್ ಬರ್ತಾರೋ ಅಂದೆಯಲ್ಲ. ನನ್ನ ಹತ್ತಿರ ಬಂದವನು ಅವನೊಬ್ಬ. ಬೇರೆ ಡಾಕ್ಟರ ಹತ್ತಿರ ಹೋದವರೆಷ್ಟೋ, ನಾನು ಎಣಿಸಿರಲಿಲ್ಲ.

ನಿನ್ನ ಕಾಕಾ