ಅಪ್ಪ ಸಹಿ ಹಾಕುವುದು ಬೇಡ

ಅಮ್ಮನಿಗೆ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ. ನಿನ್ನ ಕಾಗದ ಸಿಕ್ಕಿತು. ಓದಿದಾಗಿನಿಂದ ನನಗೆ ಅದೇ ಯೋಚನೆ. ಪುಟ್ಟನ ಕ್ರೆಡಿಟ್ ಕಾರ್ಡ್ ಸಾಲ ತೀರಿಸಲು ಇನ್ನೊಂದು ಸಾಲ, ಅದಕ್ಕೆ ಅಪ್ಪ ಜಾಮೀನು. ಇದು ಯಾರು ಕೊಟ್ಟ ಸಲಹೆ? ಅಪ್ಪನಿಗೆ ಹೇಳು, ಯಾವ ಕಾಗದಕ್ಕೂ ಸಹಿ ಹಾಕುವುದು ಬೇಡ. ಪುಟ್ಟ ಕಂತು ತಪ್ಪಿಸಿದರೆ ಬ್ಯಾಂಕಿನವರು ನೇರವಾಗಿ ಅಪ್ಪನನ್ನೇ ಕೇಳಬಹುದು. ಪೆನ್ಶನ್ ಬಿಟ್ಟರೆ ಅವರಿಗೆ ಬೇರೇನಿದೆ ಹೇಳು?

'ತಿಂಗಳು ತಿಂಗಳೂ ಕಟ್ಟುತ್ತಲೇ ಇದ್ದೇನೆ, ಸಾಲ ಇಳಿಯುತ್ತಿಲ್ಲ' ಅಂತ ಅವನು ಅಂದನಂತೆ. ನಿಜವೇ ಇರಬೇಕು. ಬಿಲ್ಲಿನಲ್ಲಿ ಕನಿಷ್ಠ ಮೊತ್ತ ಅಂತ ಇರುತ್ತದಲ್ಲ, ಅಷ್ಟೇ ಕಟ್ಟುತ್ತಿದ್ದಾನೆ. ಒಂದು ಲಕ್ಷ ಬಾಕಿ, ತಿಂಗಳಿಗೆ ನೂರಕ್ಕೆ ಮೂರೂವರೆ ಬಡ್ಡಿ ಅಂದುಕೋ. 5,000 ಕಟ್ಟಿದ. ಉಳಿದ 95,000ಕ್ಕೆ ಮುಂದಿನ ತಿಂಗಳು 3,325 ಬಡ್ಡಿ ಬಂತು. ಬಡ್ಡಿಯ ಮೇಲೆ ತೆರಿಗೆ ಬೇರೆ. ಕೊನೆಗೆ ಸಾಲ ಇಳಿದದ್ದು ಸಾವಿರ ಚಿಲ್ಲರೆ. ಅಷ್ಟರಲ್ಲಿ ಒಂದು ಸಲ ಕಾರ್ಡ್ ಉಜ್ಜಿದರೆ ಅದೂ ಹೋಯಿತು.

ಇಲ್ಲಿ ಅಮೆರಿಕದಲ್ಲಿ 2009ರಲ್ಲಿ ಇದಕ್ಕೆ ಒಂದು ಕಾನೂನೇ ತಂದರು. ಕನಿಷ್ಠ ಮೊತ್ತ ಮಾತ್ರ ಕಟ್ಟುತ್ತಾ ಹೋದರೆ ಸಾಲ ತೀರಲು ಎಷ್ಟು ವರ್ಷ ಬೇಕು, ಒಟ್ಟು ಎಷ್ಟು ಕೊಟ್ಟಂತಾಗುತ್ತದೆ ಅಂತ ಬಿಲ್ಲಿನಲ್ಲೇ ಅಚ್ಚು ಹಾಕಬೇಕು. ಮೂರು ವರ್ಷದಲ್ಲಿ ಮುಗಿಸಲು ತಿಂಗಳಿಗೆ ಎಷ್ಟು ಕಟ್ಟಬೇಕು ಅಂತಲೂ ಪಕ್ಕದಲ್ಲೇ ಇರುತ್ತದೆ. ಒಳ್ಳೆಯ ಕೆಲಸ ಅಲ್ವಾ? ಹಾಗಂತ ಇಲ್ಲಿಯವರು ಸಾಲ ಮಾಡುವುದಿಲ್ಲ ಅಂದುಕೊಳ್ಳಬೇಡ. ಸಾಲವೇ ಮಾಡದವರಿಗೆ ಬಾಡಿಗೆ ಮನೆ ಸಿಗುವುದೂ ಕಷ್ಟ. ಹಳೇ ಸಾಲ ಹೇಗೆ ತೀರಿಸಿದ್ದೀರಿ ಅಂತ ನೋಡಿ 300ರಿಂದ 850ರೊಳಗೆ ಅಂಕ ಕೊಡುತ್ತಾರೆ. ಮನೆ ಮಾಲೀಕರು ಅದನ್ನು ಕೇಳುತ್ತಾರೆ. ಅದಕ್ಕೇ ನಾವೂ ಕಾರ್ಡ್ ಇಟ್ಟುಕೊಂಡಿದ್ದೇವೆ, ಆದರೆ ಪ್ರತಿ ತಿಂಗಳೂ ಪೂರ್ತಿ ಕಟ್ಟಿಬಿಡುತ್ತೇವೆ. ನಮಗೆ ಕಾರ್ಡ್ ಸಾಲ ಒಂದು ಪೈಸೆಯೂ ಇಲ್ಲ. ನಿಜವಾಗಿಯೂ ಇಲ್ಲ ಅಮ್ಮ, ನಮ್ಮ ಚಿಂತೆ ಮಾಡಲೇಬೇಡ.

ಈಗ ಪುಟ್ಟ ಮಾಡಬೇಕಾದದ್ದು ಇಷ್ಟು. ಗಂಡ ಹೆಂಡತಿ ಇಬ್ಬರೂ ಕೂತು ಎಲ್ಲ ಸಾಲವನ್ನೂ ಒಂದು ಹಾಳೆಯಲ್ಲಿ ಬರೆಯಲಿ. ಎಷ್ಟು ಬಾಕಿ, ಎಷ್ಟು ಬಡ್ಡಿ, ಯಾವ ತಾರೀಖಿಗೆ ಕಂತು. ಅವಳಿಗೆ ಇದೆಲ್ಲ ಎಷ್ಟು ಗೊತ್ತೋ ಏನೋ! ಎಲ್ಲಕ್ಕಿಂತ ಜಾಸ್ತಿ ಬಡ್ಡಿಯದ್ದನ್ನು ಮೊದಲು ಮುಗಿಸಲಿ. ಎಫ್‌ಡಿ ಇದ್ದರೆ ಮುರಿಸಲಿ. ಅದು ವರ್ಷವಿಡೀ ಕೊಡುವ ಬಡ್ಡಿಯನ್ನು ಕಾರ್ಡಿನವರು ಎರಡು ಮೂರು ತಿಂಗಳಲ್ಲೇ ತಿಂದುಬಿಡುತ್ತಾರೆ. ಕಾರು ಮಾರಿದರೂ ಸರಿ, ಅದರಲ್ಲಿ ಮರ್ಯಾದೆ ಹೋಗುವುದು ಏನೂ ಇಲ್ಲ. ಕಡಿಮೆ ಬಡ್ಡಿಗೆ ಬೇರೆ ಸಾಲ ತೆಗೆದು ಕಾರ್ಡ್ ಸಾಲ ತೀರಿಸುವುದೂ ತಪ್ಪಲ್ಲ. ಆದರೆ ಅದು ಅವನ ಸಂಬಳದ ಮೇಲೆ, ಅವನ ಹೆಸರಲ್ಲೇ ಇರಲಿ. ತೀರಿಸಿದ ದಿನವೇ ಕಾರ್ಡ್ ಮುಚ್ಚಿಸಲಿ, ಇಲ್ಲದಿದ್ದರೆ ಎರಡೂ ಸಾಲ ತಲೆಮೇಲೆ ಕೂರುತ್ತವೆ.

ನಾನೂ ಸ್ವಲ್ಪ ಕಳಿಸುತ್ತೇನೆ, ನೇರವಾಗಿ ಕಾರ್ಡಿನ ಬಾಕಿಗೇ ಕಟ್ಟುವ ಹಾಗೆ. ನಮಗೇನೂ ಕಷ್ಟವಾಗುವುದಿಲ್ಲ. ನೀನು ಬಳೆ ಬಿಚ್ಚಿ ಕೊಡಬೇಡ, ಗೊತ್ತಾಯಿತಾ? ಶನಿವಾರ ಪುಟ್ಟನಿಗೆ ಫೋನ್ ಮಾಡುತ್ತೇನೆ. ಬೈಯುವುದಿಲ್ಲ, ಹೆದರಬೇಡ ಅನ್ನು. ಎಲ್ಲ ಸರಿಹೋಗುತ್ತದೆ.

ಮಗುವನ್ನು ಶಾಲೆಯಿಂದ ಕರೆತರುವ ಹೊತ್ತಾಯಿತು. ಅಪ್ಪ ಮಾತ್ರೆ ತಪ್ಪಿಸದ ಹಾಗೆ ನೋಡಿಕೋ. ಉಳಿದದ್ದು ಫೋನಿನಲ್ಲಿ.

ನಿನ್ನ ಮಗಳು